ಆಟಕ್ಕೆ ಕೂಲಿ ಕೇಳಿದ ಕಲ್ಲುಕುಟಿಗ

“ಆಟ ಆಡಿದರೆ ಊಟ ಬಂದೀತೆ?” ಈ ಮಾತನ್ನು ಕೇಳದೆ ಬೆಳೆದ ಮಗು ನಮ್ಮ ಮನೆಗಳಲ್ಲಿ ಇರಲಾರದು. ಕತ್ತಲಾದರೂ ಬೀದಿಯಿಂದ ಬಾರದ ಹುಡುಗನ ಕಿವಿ ಹಿಡಿದು ಒಳಗೆ ಕರೆತರುವಾಗ ತಂದೆ ಹೇಳುವ ಮಾತಿದು. ಆ ಹುಡುಗ ದೊಡ್ಡವನಾಗಿ, ಊರು ಬಿಟ್ಟು, ಪರಸ್ಥಳದಲ್ಲಿ ಸಂಸಾರ ಹೂಡಿ, ತನ್ನ ಮಗನ ಕಿವಿ ಹಿಡಿದಾಗಲೂ ಬಾಯಿಗೆ ಬರುವುದು ಅದೇ ಮಾತು. ಆಟದಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ನಮ್ಮ ಹಿರಿಯರ ಅನುಭವ. ಆದರೆ ಆಟದಿಂದ ಹೊಟ್ಟೆ ತುಂಬಿಸಿಕೊಳ್ಳುವುದೇ ತಪ್ಪೆಂದು, ಅದು ಮರ್ಯಾದಸ್ಥರಿಗೆ ಹೇಳಿದ್ದಲ್ಲವೆಂದು, ಒಂದು ದೇಶದಲ್ಲಿ ಒಂದು ಕಾಲಕ್ಕೆ ಕಟ್ಟುಪಾಡಿತ್ತೆಂದರೆ ಓದುಗರಿಗೆ ಆಶ್ಚರ್ಯವಾದೀತು. ಆ ದೇಶ ಇಂಗ್ಲೆಂಡು. ಆಟ ಫುಟ್‌ಬಾಲು. ಆ ಕಟ್ಟುಪಾಡನ್ನು ಯಾವ ಭಾಷಣವನ್ನೂ ಮಾಡದೆ, ಯಾವ ಚಳವಳಿಯನ್ನೂ ಹೂಡದೆ ಸಡಿಲಿಸಿದವರಲ್ಲಿ ಮುಖ್ಯನಾದವನು ಸ್ಕಾಟ್ಲೆಂಡಿನ ಒಬ್ಬ ಕಲ್ಲುಕುಟಿಗ. ಅವನ ಹೆಸರು ಫರ್ಗಸ್ ಸೂಟರ್.

ಇಂದು ಫುಟ್‌ಬಾಲ್ ಆಟಗಾರರ ಸಂಬಳದ ಅಂಕಿಗಳನ್ನು ಪತ್ರಿಕೆಯಲ್ಲಿ ಓದಿ ನಾವು ಹುಬ್ಬೇರಿಸುತ್ತೇವೆ. ಆ ದೊಡ್ಡ ನದಿಯ ಮೂಲವನ್ನು ಹುಡುಕಿಕೊಂಡು ಹೋದರೆ ನಮಗೆ ಸಿಗುವುದು ಕೈ ಊದಿಕೊಂಡ ಈ ಕೂಲಿಯವನ ಸಣ್ಣ ಕಥೆ.

ಪಾರ್ಟಿಕ್ಕಿನ ಹುಡುಗ

ಸೂಟರ್ ಹುಟ್ಟಿದ್ದು ೧೮೫೭ರ ನವೆಂಬರ್ ೨೧ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಕ್ಲೈಡ್ ನದಿಯ ದಂಡೆಯ ಆ ನಗರ ಆಗ ಹಡಗು ಕಟ್ಟುವ, ಕಬ್ಬಿಣ ಕರಗಿಸುವ, ಹಗಲಿರುಳೂ ಹೊಗೆಯುಗುಳುವ ನಗರ. ದಿನದಿನಕ್ಕೂ ಜನ ಬಂದು ತುಂಬುತ್ತಿದ್ದುದರಿಂದ ಮನೆ ಕಟ್ಟುವ ಕೆಲಸಕ್ಕೆ ಬಿಡುವಿರಲಿಲ್ಲ. ಹುಡುಗ ಸೂಟರ್ ಉಳಿ ಸುತ್ತಿಗೆ ಹಿಡಿದು ಕಲ್ಲುಕೆಲಸ ಕಲಿತನು. ವಾರಕ್ಕೊಮ್ಮೆ ಬಿಡುವು ಸಿಕ್ಕಾಗ ಚೆಂಡಿನ ಹಿಂದೆ ಓಡಿದನು.

ಗ್ಲಾಸ್ಗೋವಿನ ಪಕ್ಕದಲ್ಲಿ ಪಾರ್ಟಿಕ್ ಎಂಬ ಊರಿತ್ತು. ೧೯೧೨ರಲ್ಲಿ ನಗರಕ್ಕೆ ಸೇರಿಹೋಗುವವರೆಗೆ ಅದು ಬೇರೆಯೇ ಪುರಸಭೆ. ಇಂಗ್ಲೆಂಡು ಮತ್ತು ಸ್ಕಾಟ್ಲೆಂಡಿನ ತಂಡಗಳು ೧೮೭೨ರ ನವೆಂಬರ್ ೩೦ರಂದು ಮೊಟ್ಟಮೊದಲ ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯವನ್ನಾಡಿದ್ದು ಈ ಪಾರ್ಟಿಕ್ಕಿನ ಕ್ರಿಕೆಟ್ ಮೈದಾನದಲ್ಲಿಯೇ. ಯಾರೂ ಗೋಲು ಹೊಡೆಯಲಿಲ್ಲ. ಆದರೂ ಆ ಪಂದ್ಯ ಒಂದು ಪಾಠ ಕಲಿಸಿತು. ಇಂಗ್ಲಿಷರು ಆಳಿನಲ್ಲಿ ದೊಡ್ಡವರು, ತೂಕದವರು. ಒಬ್ಬೊಬ್ಬನೂ ಚೆಂಡನ್ನು ತನ್ನ ಕಾಲಲ್ಲೇ ಉರುಳಿಸಿಕೊಂಡು ಎದುರಿಗೆ ಬಂದವರನ್ನೆಲ್ಲ ನುಗ್ಗಿಕೊಂಡು ಹೋಗುವುದು ಅವರ ಪದ್ಧತಿ. ಸ್ಕಾಟರು ಹಗುರವಾದ ಮೈಯವರು. ಬಲದಲ್ಲಿ ಸರಿಗಟ್ಟಲಾರದೆಂದು ತಿಳಿದು ಅವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಹೋದರು. ಮುಂದಿನ ವರ್ಷಗಳಲ್ಲಿ ಈ ದಾಟಿಸುವ ಆಟವೇ ಸ್ಕಾಟ್ಲೆಂಡಿನ ಆಟವೆಂದು ಹೆಸರಾಯಿತು. ಸೂಟರನಿಗೆ ಆಗ ೧೫ ವರ್ಷ. ಅವನು ಬೆಳೆದದ್ದು ಈ ಹೊಸ ವಿದ್ಯೆಯ ಗಾಳಿಯಲ್ಲಿ.

ಮುಂದೆ ಅವನು ಪಾರ್ಟಿಕ್ ಎಂಬ ಹೆಸರಿನ ತಂಡದಲ್ಲಿ ಆಡತೊಡಗಿದನು. ಇಂದಿಗೂ ಇರುವ ಪಾರ್ಟಿಕ್ ಥಿಸಲ್ ತಂಡ ಬೇರೆ, ಇದು ಬೇರೆ. ಅವನ ಸ್ಥಾನ ಫುಲ್‌ಬ್ಯಾಕ್, ಎಂದರೆ ಗೋಲುಗಾರನಿಗೆ ಸ್ವಲ್ಪ ಮುಂದೆ ನಿಂತು ಬರುವ ದಾಳಿಯನ್ನು ತಡೆಯುವ ಇಬ್ಬರಲ್ಲಿ ಒಬ್ಬ. ಆ ಕಾಲದ ತಂಡದಲ್ಲಿ ಮುಂದೆ ನುಗ್ಗುವವರು ಆರು ಜನ, ನಡುವೆ ಇಬ್ಬರು, ಹಿಂದೆ ಕಾವಲಿಗೆ ಇಬ್ಬರೇ ಇಬ್ಬರು. ಭುಜದಿಂದ ಗುದ್ದಿ ಬೀಳಿಸುವುದಕ್ಕೆ ನಿಯಮದಲ್ಲಿಯೇ ಅವಕಾಶವಿತ್ತು. ಗೋಲುಕಂಬಕ್ಕೆ ಬಲೆಯಾಗಲಿ, ತಪ್ಪಿಗೆ ಪೆನಾಲ್ಟಿ ಒದೆತವಾಗಲಿ ಬಂದದ್ದು ೧೮೯೧ರಲ್ಲಿ. ಹೀಗಿರಲು ಹಿಂದೆ ನಿಂತವನಿಗೆ ಗಟ್ಟಿ ಮೈಯೂ ಬೇಕು, ತಣ್ಣನೆಯ ತಲೆಯೂ ಬೇಕು. ಚಪ್ಪಾಳೆ ಮಾತ್ರ ಮುಂದಿನವರಿಗೆ. ಮನೆಯ ಪಾಯದ ಕಲ್ಲನ್ನು ಯಾರು ಹೊಗಳುತ್ತಾರೆ?

ಗಿರಣಿಯ ಊರಿಗೆ

ಗ್ಲಾಸ್ಗೋವಿನಿಂದ ದಕ್ಷಿಣಕ್ಕೆ, ಇಂಗ್ಲೆಂಡಿನ ಲ್ಯಾಂಕಾಶೈರ್ ಪ್ರಾಂತದಲ್ಲಿ ಡಾರ್ವೆನ್ ಎಂಬ ಸಣ್ಣ ಪಟ್ಟಣವಿದೆ. ಹತ್ತಿಯೇ ಅದರ ಜೀವ. ಮುಂಬಯಿ, ಸೊಲ್ಲಾಪುರಗಳ ಗಿರಣಿಗಳ ಭೋಂಗಾ ಕೇಳಿ ಎದ್ದು ಡಬ್ಬಿ ಹಿಡಿದು ಹೊರಟವರ ಮಕ್ಕಳು ಮೊಮ್ಮಕ್ಕಳು ನಮ್ಮಲ್ಲಿ ಅನೇಕರು. ಅವರಿಗೆ ಅಂಥ ಊರನ್ನು ಹೆಚ್ಚು ಬಣ್ಣಿಸಬೇಕಾದ್ದಿಲ್ಲ. ೧೮೬೦ರ ದಶಕದಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ಬರುವುದು ನಿಂತಾಗ ಲ್ಯಾಂಕಾಶೈರಿನ ಗಿರಣಿಗಳು ಹಿಂದುಸ್ತಾನದ ಕಡೆ ಕೈಚಾಚಿದವು. ನಮ್ಮ ಧಾರವಾಡ ಸೀಮೆಯ ಹತ್ತಿಯೂ ಆಗ ಹಡಗನ್ನೇರಿತು. ಡಾರ್ವೆನ್ನಿನ ದೊಡ್ಡ ಗಿರಣಿಯ ಹೆಸರೇ ಇಂಡಿಯಾ ಮಿಲ್. ಅದರ ೩೦೦ ಅಡಿಯ ಚಿಮಣಿ ಬಹು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ೧೯೩೧ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ದುಂಡುಮೇಜಿನ ಪರಿಷತ್ತಿಗೆ ಹೋದಾಗ, ವಿದೇಶೀ ಬಟ್ಟೆಯ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡ ಕಾರ್ಮಿಕರನ್ನು ಕಂಡು ಮಾತಾಡಲು ಹೋಗಿದ್ದ ಊರುಗಳಲ್ಲಿ ಡಾರ್ವೆನ್ನೂ ಒಂದು.

೧೮೫೦ರ ಕಾರ್ಖಾನೆ ಕಾನೂನಿನ ಪ್ರಕಾರ ಹೆಂಗಸರನ್ನೂ ಎಳೆಯರನ್ನೂ ಶನಿವಾರ ಮಧ್ಯಾಹ್ನ ಎರಡು ಗಂಟೆಯ ಮೇಲೆ ದುಡಿಸುವಂತಿರಲಿಲ್ಲ. ಅವರಿಲ್ಲದೆ ಗಿರಣಿ ನಡೆಯದು. ಆದ್ದರಿಂದ ಗಂಡಸರಿಗೂ ಅರ್ಧ ದಿನದ ರಜೆ ದೊರೆಯಿತು. ಆ ಅರ್ಧ ದಿನದಲ್ಲಿ ಹುಟ್ಟಿದ್ದು ಗಿರಣಿ ಊರುಗಳ ಫುಟ್‌ಬಾಲ್ ಹುಚ್ಚು.

ಪಾರ್ಟಿಕ್ ತಂಡದವರು ೧೮೭೮ರ ಹೊಸವರ್ಷದ ಹೊತ್ತಿಗೆ ಡಾರ್ವೆನ್ನಿಗೆ ಬಂದು ಆಡಿದರು. ಅವರ ಆಟ ಆ ಊರಿನವರ ಕಣ್ಣು ತುಂಬಿತು. ಅದೇ ವರ್ಷ ಮೊದಲು ಜಿಮ್ಮಿ ಲವ್ ಎಂಬ ಆಟಗಾರ, ಅವನ ಹಿಂದೆಯೇ ಸೂಟರ್, ಡಾರ್ವೆನ್ನಿಗೆ ಬಂದು ನೆಲೆಸಿದರು. ೧೮೭೮ರ ಅಕ್ಟೋಬರಿನಲ್ಲಿ ಗ್ಲಾಸ್ಗೋ ನಗರದ ದೊಡ್ಡ ಬ್ಯಾಂಕೊಂದು ಮುರಿದುಬಿದ್ದು ಸಾವಿರಾರು ಸಂಸಾರಗಳು ಹಾಳಾದವು. ಕಟ್ಟುವ ಕೆಲಸಗಳು ಅಲ್ಲಲ್ಲಿಯೇ ನಿಂತವು. ಕಟ್ಟುವುದೇ ನಿಂತ ಮೇಲೆ ಕಲ್ಲುಕುಟಿಗನಿಗೆ ಊರಿನಲ್ಲಿ ಏನು ಕೆಲಸ?

ಡಾರ್ವೆನ್ನಿನಲ್ಲಿ ಸೂಟರ್ ಮೊದಲು ತನ್ನ ಕಸುಬನ್ನೇ ಹಿಡಿದನು. ಸ್ವಲ್ಪ ದಿನಕ್ಕೇ ಬಿಟ್ಟನು. ಯಾಕಪ್ಪಾ ಎಂದರೆ, ಇಲ್ಲಿಯ ಕಲ್ಲು ನಮ್ಮೂರಿನ ಕಲ್ಲಿಗಿಂತ ಬಿರುಸು, ಕೆತ್ತಿ ಕೆತ್ತಿ ಕೈತೋಳು ಊದಿಕೊಳ್ಳುತ್ತದೆ ಎಂದು ಹೇಳಿದನು. ಕಲ್ಲು ನಿಜವಾಗಿಯೂ ಬಿರುಸೇ ಇದ್ದೀತು. ಆದರೆ ಕೆಲಸ ಬಿಟ್ಟ ಮೇಲೂ ಅವನ ಊಟ ವಸತಿಗೆ ಕೊರತೆಯಾಗಲಿಲ್ಲ. ಶನಿವಾರ ಶನಿವಾರ ಅವನು ಮೈದಾನದಲ್ಲಿರುತ್ತಿದ್ದನು. ಊರವರಿಗೆ ಗುಟ್ಟು ತಿಳಿದಿತ್ತು. ಯಾರೂ ಬಾಯಿ ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಬಾಯಿ ಬಿಟ್ಟರೆ ತೊಂದರೆಯಿಲ್ಲವೆಂದಾದಾಗ, ಸೂಟರನೇ ಒಬ್ಬ ಪತ್ರಿಕೆಯವನಿಗೆ ವಿಷಯ ತಿಳಿಸಿದನು. ಗೊತ್ತುಮಾಡಿದ ಸಂಬಳವೆಂಬುದು ಇರಲಿಲ್ಲ. ಬೇಕಾದಾಗ ಖಜಾಂಚಿಯನ್ನು ಕಾಣುವುದು ರೂಢಿ. ಕೆಲವು ಸಲ ಮೂರು ವಾರ ಏನೂ ತೆಗೆದುಕೊಳ್ಳದೆ ಇದ್ದು, ಆಮೇಲೆ ಹತ್ತು ಪೌಂಡು ಕೇಳುವುದು. ಇಲ್ಲವೆಂದದ್ದಿಲ್ಲವಂತೆ! ಹತ್ತು ಪೌಂಡೆಂದರೆ ಆಗಿನ ಗಿರಣಿ ಕೆಲಸಗಾರನಿಗೆ ಎಷ್ಟೋ ವಾರಗಳ ದುಡಿಮೆ.

ಇವನೇ ಪ್ರಪಂಚದ ಮೊದಲ ವೃತ್ತಿ ಆಟಗಾರನೆಂದು ಹಲವರು ಬರೆಯುತ್ತಾರೆ. ಜಿಮ್ಮಿ ಲವ್‌ನ ಹೆಸರು ಹೇಳುವವರೂ, ೧೮೭೬ರಲ್ಲಿ ಶೆಫೀಲ್ಡಿಗೆ ಹೋದ ಜೇಮ್ಸ್ ಲ್ಯಾಂಗ್‌ನ ಹೆಸರು ಹೇಳುವವರೂ ಉಂಟು. ಗುಟ್ಟಾಗಿ ಕೊಟ್ಟ ಹಣಕ್ಕೆ ರಸೀತಿ ಇರುವುದಿಲ್ಲವಷ್ಟೆ. ಮೂವರೂ ಸ್ಕಾಟರೇ ಎಂಬುದು ಮಾತ್ರ ಗಮನಿಸತಕ್ಕದ್ದು.

ಓವಲ್ ಮೈದಾನದ ಮೂರು ಪಂದ್ಯಗಳು

ಹಣ ಪಡೆದು ಆಡಿದರೆ ತಪ್ಪೇನು? ಲಂಡನ್ನಿನ ಫುಟ್‌ಬಾಲ್ ಅಸೋಸಿಯೇಷನ್ ೧೮೬೩ರಲ್ಲಿ ಹುಟ್ಟಿದ ಸಂಸ್ಥೆ. ಅದನ್ನು ನಡೆಸುತ್ತಿದ್ದವರು ಈಟನ್, ಹ್ಯಾರೋ ಮೊದಲಾದ ಶ್ರೀಮಂತ ಶಾಲೆಗಳಲ್ಲಿ ಓದಿದವರು. ಅವರಿಗೆ ಆಟ ಸಂತೋಷಕ್ಕಾಗಿ, ಮೈಬಲಕ್ಕಾಗಿ, ನಡತೆಗಾಗಿ. ಹಣ ಬೆರೆತರೆ ಆಟ ಕೆಡುತ್ತದೆಂದು ಅವರು ಮನಃಪೂರ್ವಕವಾಗಿ ನಂಬಿದ್ದರು. ಆ ನಂಬಿಕೆಯಲ್ಲಿ ಕಪಟವಿತ್ತೆಂದು ಹೇಳಲಾಗದು. ಆದರೆ ಶನಿವಾರ ಆಡಿ ಸೋಮವಾರ ಬೆಳಿಗ್ಗೆ ಏನು ಉಣ್ಣುವುದೆಂಬ ಚಿಂತೆ ಅವರಲ್ಲಿ ಯಾರಿಗೂ ಇರಲಿಲ್ಲ. ನೇಕಾರನೊಬ್ಬ ದೂರದ ಊರಿಗೆ ಹೋಗಿ ಆಡಬೇಕಾದರೆ ಅರ್ಧ ದಿನದ ರಜೆ ಸಾಲದು. ಒಂದು ದಿನ ಕೆಲಸ ತಪ್ಪಿದರೆ ಆ ದಿನದ ಕೂಲಿ ಹೋಯಿತು. ಹವ್ಯಾಸಿಯಾಗಿರಲು ಮನೆಯಲ್ಲಿ ಗಂಟಿರಬೇಕು.

ಈ ಮಾತು ೧೮೭೯ರಲ್ಲಿ ಎಲ್ಲರ ಕಣ್ಣೆದುರಿಗೆ ನಡೆಯಿತು. ಎಫ್.ಎ. ಕಪ್ ಸ್ಪರ್ಧೆಯಲ್ಲಿ ಡಾರ್ವೆನ್ ತಂಡ ಕಡೆಯ ಸುತ್ತುಗಳವರೆಗೆ ಬಂದಿತು. ಎದುರಾಳಿ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳ ಓಲ್ಡ್ ಈಟೋನಿಯನ್ಸ್ ತಂಡ. ಈ ಹಂತದ ಪಂದ್ಯಗಳು ಲಂಡನ್ನಿನ ಓವಲ್ ಮೈದಾನದಲ್ಲೇ ಆಗಬೇಕೆಂಬುದು ನಿಯಮ. ಡಾರ್ವೆನ್ನಿನಿಂದ ಅಲ್ಲಿಗೆ ೨೦೦ ಮೈಲಿ. ಫೆಬ್ರವರಿಯಲ್ಲಿ ನಡೆದ ಪಂದ್ಯದಲ್ಲಿ ಕೊನೆಯ ಕಾಲು ಗಂಟೆ ಉಳಿದಿದ್ದಾಗ ಈಟೋನಿಯನ್ನರಿಗೆ ೫ ಗೋಲು, ಡಾರ್ವೆನ್ನಿಗೆ ೧. ಮುಗಿಯಿತೆಂದು ನೋಡುತ್ತಿದ್ದವರೆಲ್ಲ ತಿಳಿದರು. ಆ ಕಾಲು ಗಂಟೆಯಲ್ಲಿ ಗಿರಣಿಯ ಹುಡುಗರು ನಾಲ್ಕು ಗೋಲು ಹೊಡೆದು ಸಮ ಮಾಡಿದರು!

ಇನ್ನೂ ಸ್ವಲ್ಪ ಹೊತ್ತು ಆಡಿ ಇಲ್ಲಿಯೇ ತೀರಿಸೋಣ ಎಂದು ಡಾರ್ವೆನ್ನಿನವರು ಕೇಳಿಕೊಂಡರು. ಈಟೋನಿಯನ್ನರು ಒಪ್ಪಲಿಲ್ಲ. ಮತ್ತೊಮ್ಮೆ ಬನ್ನಿ ಎಂದರು. ಲಂಡನ್ನಿನವರಿಗೆ ಮತ್ತೊಮ್ಮೆ ಬರುವುದೆಂದರೆ ಗಾಡಿಯೇರಿ ಬರುವುದು. ಡಾರ್ವೆನ್ನಿನವರಿಗೆ ಮತ್ತೆ ೨೦೦ ಮೈಲಿ ರೈಲು, ಮತ್ತೆ ಕೂಲಿ ನಷ್ಟ. ಊರಿನವರು ಚಂದಾ ಎತ್ತಿ ಹುಡುಗರನ್ನು ಕಳಿಸಿಕೊಟ್ಟರು. ಎರಡನೆಯ ಪಂದ್ಯ ೨-೨ರಲ್ಲಿ ಸಮವಾಯಿತು. ಮೂರನೆಯ ಸಲ ಮತ್ತೆ ಲಂಡನ್! ದಣಿದ ಡಾರ್ವೆನ್ ೬-೨ರಿಂದ ಸೋತಿತು. ಆ ವರ್ಷದ ಕಪ್ಪನ್ನು ಗೆದ್ದವರು ಈಟೋನಿಯನ್ನರೇ. ಆದರೆ ಹಣದ ಬೆಂಬಲವಿಲ್ಲದೆ ಕಾರ್ಮಿಕನು ಇವರಿಗೆ ಸಮಸಮನಾಗಿ ಆಡಲಾರನೆಂಬುದನ್ನು ಲ್ಯಾಂಕಾಶೈರ್ ಅಂದು ಮನಗಂಡಿತು.

ಬ್ಲ್ಯಾಕ್‌ಬರ್ನಿನ ಕರೆ

ಡಾರ್ವೆನ್ನಿಗೆ ಐದು ಮೈಲಿಯೊಳಗೆ ಬ್ಲ್ಯಾಕ್‌ಬರ್ನ್ ಎಂಬ ದೊಡ್ಡ ಪಟ್ಟಣ. ಅಲ್ಲಿ ೧೮೭೫ರಲ್ಲಿ ಹುಟ್ಟಿದ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡ ೧೮೮೦ರಲ್ಲಿ ಸೂಟರನನ್ನು ಕರೆದುಕೊಂಡಿತು. ಹೆಚ್ಚು ಹಣದಾಸೆ ತೋರಿಸಿ ಎಳೆದುಕೊಂಡರೆಂದು ಡಾರ್ವೆನ್ನಿನವರಿಗೆ ಕಡುಕೋಪ. ಅದೇ ನವೆಂಬರಿನಲ್ಲಿ ಎರಡು ತಂಡಗಳು ಎದುರಾದಾಗ ಜನ ಮೈದಾನಕ್ಕೆ ನುಗ್ಗಿ ಪಂದ್ಯ ಅರ್ಧಕ್ಕೇ ನಿಂತಿತು. ನೆನ್ನೆ ಹೆಗಲ ಮೇಲೆ ಹೊತ್ತವರು ಇಂದು ದ್ರೋಹಿ ಎಂದರು. ಡಾರ್ವೆನ್ನಿನವರ ಸಂಕಟವೂ ಸುಳ್ಳಲ್ಲ. ಪರ ಊರಿನಿಂದ ಬಂದ ಹುಡುಗನಿಗೆ ಅವರು ಅನ್ನವಿಕ್ಕಿದ್ದರು. ಆದರೆ ಹೆಚ್ಚು ಕೂಲಿ ಸಿಗುವೆಡೆಗೆ ಗಿರಣಿಯ ಕೆಲಸಗಾರ ಹೋದರೆ ಯಾರೂ ಅವನನ್ನು ದ್ರೋಹಿ ಎನ್ನುತ್ತಿರಲಿಲ್ಲ. ಸೂಟರನು ಆಟವನ್ನೂ ಒಂದು ದುಡಿಮೆಯೆಂದು ತಿಳಿದು ನಡೆದನು. ಉಳಿದವರಿಗೆ ಅದು ಅರ್ಥವಾಗಲು ಸ್ವಲ್ಪ ಕಾಲ ಬೇಕಾಯಿತು.

೧೮೮೨ರ ಮಾರ್ಚ್ ೨೫ರಂದು ರೋವರ್ಸ್ ತಂಡ ಕಪ್ಪಿನ ಅಂತಿಮ ಪಂದ್ಯಕ್ಕೆ ಬಂದಿತು. ಎದುರಿಗೆ ಮತ್ತೆ ಅದೇ ಓಲ್ಡ್ ಈಟೋನಿಯನ್ಸ್. ೩೫ ಪಂದ್ಯಗಳಲ್ಲಿ ಸೋಲರಿಯದೆ ಬಂದಿದ್ದ ರೋವರ್ಸ್ ಒಂದೇ ಒಂದು ಗೋಲಿನಿಂದ ಸೋತಿತು. ಈಟೋನಿಯನ್ನರ ನಾಯಕ ಕಿನ್ನೈರ್ಡ್ ಸಂತೋಷ ತಡೆಯಲಾರದೆ ಜನರೆದುರಿಗೇ ತಲೆಕೆಳಗಾಗಿ ನಿಂತನಂತೆ. ಮರುವರ್ಷ ಅದೇ ಊರಿನ ಇನ್ನೊಂದು ತಂಡ, ಬ್ಲ್ಯಾಕ್‌ಬರ್ನ್ ಒಲಿಂಪಿಕ್, ಈಟೋನಿಯನ್ನರನ್ನು ೨-೧ರಿಂದ ಸೋಲಿಸಿತು. ನೇಕಾರರೂ ನೂಲುವವರೂ ಇದ್ದ ತಂಡವದು. ಅಲ್ಲಿಗೆ ಶ್ರೀಮಂತ ಹವ್ಯಾಸಿಗಳ ಕಾಲ ಮುಗಿಯಿತು.

ಇನ್ನು ಸೂಟರನ ಸರದಿ. ೧೮೮೪, ೧೮೮೫, ೧೮೮೬, ಹೀಗೆ ಮೂರು ವರ್ಷ ಸಾಲಾಗಿ ರೋವರ್ಸ್ ಕಪ್ಪನ್ನು ಗೆದ್ದಿತು. ಮೂರರಲ್ಲೂ ಸೂಟರ್ ಇದ್ದನು. ಇದರಲ್ಲಿ ಒಂದು ವಿಚಿತ್ರವುಂಟು. ಮೊದಲೆರಡು ವರ್ಷ ಅಂತಿಮ ಪಂದ್ಯದಲ್ಲಿ ಎದುರಾದದ್ದು ಗ್ಲಾಸ್ಗೋವಿನ ಕ್ವೀನ್ಸ್ ಪಾರ್ಕ್ ತಂಡ, ಎಂದರೆ ಸೂಟರನ ಸ್ವಂತ ಊರಿನವರು! ಆಡುವುದಕ್ಕಾಗಿಯೇ ಆಡುವುದು ಎಂಬುದು ಆ ತಂಡದ ಧ್ಯೇಯವಾಕ್ಯ. ಹಣ ಮುಟ್ಟುವುದಿಲ್ಲವೆಂಬ ಆ ವ್ರತವನ್ನು ಅವರು ೨೦೧೯ರವರೆಗೂ ನಡೆಸಿಕೊಂಡು ಬಂದರು. ಹುಟ್ಟಿದೂರಿನ ತಂಡವನ್ನು, ಹುಟ್ಟಿದೂರಿನಲ್ಲಿ ಕಲಿತ ವಿದ್ಯೆಯಿಂದಲೇ, ಹೊಟ್ಟೆಗಿಕ್ಕಿದ ಊರಿನ ಪರವಾಗಿ ಎರಡು ಸಲ ತಡೆದು ನಿಲ್ಲಿಸುವಾಗ ಸೂಟರನ ಮನಸ್ಸು ಹೇಗಿತ್ತೋ! ಪರಸ್ಥಳದಲ್ಲಿ ಬಾಳುವ ನಾವು ಊಹಿಸಿಕೊಳ್ಳಬಹುದು.

ಗುಟ್ಟು ಬಯಲಾಯಿತು

೧೮೮೪ರ ಜನವರಿಯಲ್ಲಿ ಪ್ರೆಸ್ಟನ್ ತಂಡದ ಮೇಲೆ ಲಂಡನ್ನಿನ ಅಪ್ಟನ್ ಪಾರ್ಕ್ ತಂಡದವರು ದೂರು ಕೊಟ್ಟರು. ನಿಮ್ಮ ಆಟಗಾರರಿಗೆ ಹಣ ಕೊಡುತ್ತೀರಾ ಎಂದು ಕೇಳಿದರೆ ಇಲ್ಲವೆನ್ನುವುದು ಅದುವರೆಗಿನ ಪದ್ಧತಿ. ಪ್ರೆಸ್ಟನ್ನಿನ ಮುಖ್ಯಸ್ಥ ವಿಲಿಯಂ ಸಡೆಲ್ ಮಾತ್ರ ಮುಚ್ಚುಮರೆ ಮಾಡಲಿಲ್ಲ. ಒಪ್ಪಿಕೊಂಡನು. ತಂಡವನ್ನು ಕಪ್ಪಿನಿಂದ ಹೊರಹಾಕಿದರು. ಆಗ ಲ್ಯಾಂಕಾಶೈರಿನ ತಂಡಗಳು ಒಟ್ಟಾಗಿ, ನಮ್ಮದೇ ಬೇರೆ ಸಂಸ್ಥೆ ಕಟ್ಟಿಕೊಳ್ಳುತ್ತೇವೆ ಎಂದು ಎದ್ದು ನಿಂತವು. ಕಡೆಗೆ ೧೮೮೫ರ ಜುಲೈ ೨೦ರಂದು ಅಸೋಸಿಯೇಷನ್ ತಲೆಬಾಗಿತು. ಹಣ ಪಡೆದು ಆಡುವುದು ನ್ಯಾಯಸಮ್ಮತವಾಯಿತು.

ಒಪ್ಪಿಗೆಯೇನೋ ಬಂತು, ಮಡಿ ಮೈಲಿಗೆ ಹೋಗಲಿಲ್ಲ. ವೃತ್ತಿ ಆಟಗಾರನು ತನ್ನ ಹೆಸರು ನೋಂದಾಯಿಸಬೇಕು. ಕಪ್ ಪಂದ್ಯದಲ್ಲಿ ಆಡಬೇಕಾದರೆ ತಂಡದ ಮೈದಾನದ ಆರು ಮೈಲಿಯೊಳಗೆ ಹುಟ್ಟಿರಬೇಕು, ಇಲ್ಲವೆ ಎರಡು ವರ್ಷ ವಾಸವಾಗಿರಬೇಕು. ಅಸೋಸಿಯೇಷನ್ನಿನ ಸಮಿತಿಯಲ್ಲಿ ಅವನು ಕೂಡುವಂತಿಲ್ಲ. ಸೂಟರನ ಜೊತೆಗಾರ ಜೇಮ್ಸ್ ಫಾರೆಸ್ಟ್ ಇಂಗ್ಲೆಂಡಿನ ಪರವಾಗಿ ಆಡಲು ಹೋದಾಗ ಉಳಿದವರಿಗೆಲ್ಲ ಬಿಳಿಯ ಅಂಗಿ, ಕೂಲಿ ಪಡೆಯುವ ಇವನೊಬ್ಬನಿಗೆ ನೀಲಿ ಅಂಗಿ! ಒಂದೇ ಪಂಕ್ತಿಯಲ್ಲಿ ಕೂಡಿಸಿ ಬೇರೆ ಎಲೆ ಹಾಕಿದಂತೆ.

ಸೂಟರನಿಗೆ ಆ ನೀಲಿ ಅಂಗಿಯೂ ದೊರೆಯಲಿಲ್ಲ. ಇಂಗ್ಲೆಂಡಿಗೆ ಹೋಗಿ ಹಣಕ್ಕೆ ಆಡುವವರನ್ನು ಸ್ಕಾಟ್ಲೆಂಡಿನವರು ತಮ್ಮ ದೇಶದ ತಂಡಕ್ಕೆ ಸೇರಿಸುತ್ತಿರಲಿಲ್ಲ. ಅಲ್ಲಿ ವೃತ್ತಿ ಆಟಕ್ಕೆ ಒಪ್ಪಿಗೆ ಬಂದದ್ದು ೧೮೯೩ರಲ್ಲಿ. ಇಂಗ್ಲೆಂಡಿನ ತಂಡಗಳಲ್ಲಿ ಆಡುವ ಸ್ಕಾಟರಿಗೆ ದೇಶದ ಬಾಗಿಲು ತೆರೆದದ್ದು ೧೮೯೬ರಲ್ಲಿ. ಆ ಹೊತ್ತಿಗೆ ಸೂಟರನ ಆಟದ ಕಾಲ ಮುಗಿದಿತ್ತು. ಮೂರು ಕಪ್ಪುಗಳನ್ನು ಗೆದ್ದವನು ತನ್ನ ನಾಡಿನ ಪರವಾಗಿ ಒಂದು ಸಲವೂ ಆಡಲಿಲ್ಲ.

ಕೊನೆಯ ದಿನಗಳು

೧೮೮೮ರಲ್ಲಿ ೧೨ ತಂಡಗಳು ಸೇರಿ ಫುಟ್‌ಬಾಲ್ ಲೀಗನ್ನು ಆರಂಭಿಸಿದವು. ಇಂದು ಜಗತ್ತೆಲ್ಲ ನೋಡುವ ಪಂದ್ಯಾವಳಿಗಳಿಗೆ ಅದು ಮೇಲ್ಪಂಕ್ತಿ. ಬ್ಲ್ಯಾಕ್‌ಬರ್ನ್ ರೋವರ್ಸ್ ಅದರಲ್ಲೊಂದು. ಸೂಟರನಿಗೆ ೩೧ ವರ್ಷ ತುಂಬಿತ್ತು, ಕಾಲು ಮೊದಲಿನಂತಿರಲಿಲ್ಲ. ಆ ಲೀಗಿನಲ್ಲಿ ಅವನು ಆಡಿದ್ದು ಒಂದೇ ಪಂದ್ಯ, ೧೮೮೮ರ ಡಿಸೆಂಬರ್ ೨೨ರಂದು, ವೆಸ್ಟ್ ಬ್ರಾಮಿಚ್ ಆಲ್ಬಿಯನ್ ತಂಡದೆದುರು. ಅದೂ ತನ್ನ ಸ್ಥಾನದಲ್ಲಲ್ಲ. ಬದಲಿ ಗೋಲುಗಾರನಾಗಿ ನಿಂತನು. ದಾರಿ ಮಾಡಿಕೊಟ್ಟವನು ದಾರಿಯ ಬದಿಗೆ ಸರಿದನು.

ಆದರೆ ಅವನು ಊರಿಗೆ ಹಿಂದಿರುಗಲಿಲ್ಲ. ಬಂದ ಸೀಮೆಯಲ್ಲಿಯೇ ಮದುವೆಯಾಗಿ, ವಸತಿಗೃಹ ನಡೆಸಿ, ಮಕ್ಕಳನ್ನು ಬೆಳೆಸಿದನು. ೧೯೧೬ರ ಜುಲೈ ೩೧ರಂದು, ಮಹಾಯುದ್ಧದ ನಡುವೆ, ಕಡಲತೀರದ ಬ್ಲ್ಯಾಕ್‌ಪೂಲಿನಲ್ಲಿ ತೀರಿಕೊಂಡನು. ಜೊತೆಗೆ ಬಂದ ಜಿಮ್ಮಿ ಲವ್ ಬಹಳ ಹಿಂದೆಯೇ ಸೈನ್ಯ ಸೇರಿ ೧೮೮೨ರಲ್ಲಿ ಈಜಿಪ್ಟಿನಲ್ಲಿ ಸತ್ತಿದ್ದನು.

ಆಟಗಾರನ ಕೂಲಿಯ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ೧೯೦೧ರಲ್ಲಿ ವಾರಕ್ಕೆ ೪ ಪೌಂಡಿಗಿಂತ ಹೆಚ್ಚು ಕೊಡಕೂಡದೆಂದು ಮಿತಿ ಹಾಕಿದರು. ಒಂದಲ್ಲ ಒಂದು ಮೊತ್ತದ ಆ ಮಿತಿ ೧೯೬೧ರವರೆಗೂ ಇತ್ತು. ಇಂದು ಲಕ್ಷಗಟ್ಟಲೆ ಎಣಿಸುವ ಆಟಗಾರರಲ್ಲಿ ಎಷ್ಟು ಜನಕ್ಕೆ ಸೂಟರನ ಹೆಸರು ಗೊತ್ತೋ! ೨೦೨೦ರಲ್ಲಿ ಅವನ ಕಥೆಯನ್ನು ‘ದಿ ಇಂಗ್ಲಿಷ್ ಗೇಮ್’ ಎಂಬ ಧಾರಾವಾಹಿಯಾಗಿ ತೋರಿಸಿದರು. ಅದರಲ್ಲಿ ಬ್ಲ್ಯಾಕ್‌ಬರ್ನಿನ ಎರಡು ತಂಡಗಳನ್ನು ಒಂದು ಮಾಡಿ, ೧೮೮೩ರ ಒಲಿಂಪಿಕ್ ತಂಡದ ಗೆಲುವನ್ನು ಸೂಟರನ ಮಡಿಲಿಗೆ ಹಾಕಿದ್ದಾರೆ. ಕಥೆಗೆ ಅದು ಅನುಕೂಲ. ನಿಜವಾಗಿ ಅವನಿಗೆ ಆ ಸಾಲ ಬೇಕಿರಲಿಲ್ಲ. ಅವನ ಮೂರು ಗೆಲುವುಗಳು ಅವನಿಗೆ ಸಾಕು.

ಸೂಟರ್ ಸಂತನೂ ಅಲ್ಲ, ಕ್ರಾಂತಿಕಾರನೂ ಅಲ್ಲ. ಊರಿನಲ್ಲಿ ಕೆಲಸ ನಿಂತಿತು, ಕೈಯಲ್ಲೊಂದು ಕಸುಬು, ಕಾಲಲ್ಲೊಂದು ವಿದ್ಯೆ ಇತ್ತು, ಬೆಲೆ ಸಿಗುವೆಡೆಗೆ ಹೋದನು. ಯಾಕೆ ಬಂದೆ ಎಂದು ಕೇಳಿದವರಿಗೆ ಕೈ ಊದಿಕೊಂಡಿತೆಂಬ ಸಣ್ಣ ಕಾರಣ ಹೇಳಿದನು. ಊರು ಬಿಟ್ಟವರು ಹೇಳುವ ಕಾರಣಗಳು ಹಾಗೆಯೇ ಇರುತ್ತವೆ, ಅಲ್ಲವೇ? ನಮ್ಮ ತಂದೆ ತಾತಂದಿರೂ ಮಳೆ ಬರಲಿಲ್ಲವೆಂದೋ, ಸೋದರಮಾವ ಕರೆದನೆಂದೋ ಹೇಳಿ ರೈಲು ಹತ್ತಿದವರು. ಅದರ ಹಿಂದೆ ಇದ್ದ ಮಾತು ಒಂದೇ: ನನ್ನ ದುಡಿಮೆಗೆ ತಕ್ಕ ಬೆಲೆ ಬೇಕು, ಅದನ್ನು ತಲೆತಗ್ಗಿಸದೆ ಪಡೆಯಬೇಕು. ಸೂಟರನು ಕದ್ದು ಪಡೆದ ಕೂಲಿಯನ್ನು ಅವನ ಹಿಂದೆ ಬಂದವರು ಎದುರಿಗೆ ಕೈಚಾಚಿ ಪಡೆಯುವಂತಾಯಿತು.

ಇಂದು ಸಂಜೆ ಮಗನೋ ಮಗಳೋ ಚೆಂಡು ಹಿಡಿದು ತಡವಾಗಿ ಮನೆಗೆ ಬಂದರೆ, ಆಟ ಆಡಿದರೆ ಊಟ ಬಂದೀತೆ ಎಂದು ಬೇಕಾದರೆ ಗದರಿಸಿರಿ. ಪಾಠವನ್ನೂ ಓದಬೇಕಷ್ಟೆ. ಊಟಕ್ಕೆ ಕೂತ ಮೇಲೆ ಮಾತ್ರ ಈ ಕಲ್ಲುಕುಟಿಗನ ಕಥೆಯನ್ನು ಮಕ್ಕಳಿಗೆ ಹೇಳುವುದನ್ನು ಮರೆಯಬೇಡಿ.